ಬೊಳ್ಳುವಿನ ಕಿವಿಯ ಚರಟ

ನನ್ನ ಕೈಯ ಕಾಫಿಗೆ ಬೈಕುಲ್ಲಾದಲ್ಲಿ ಒಂದು ಹೆಸರಿತ್ತು. ಜಂಬಕ್ಕೆ ಹೇಳುತ್ತಿಲ್ಲ. ಅಲ್ಲ, ಸುಳ್ಳು ಯಾಕೆ, ಜಂಬಕ್ಕೇ ಹೇಳುತ್ತಿದ್ದೇನೆ. ಆ ಜಂಬದಿಂದಲೇ ಇಷ್ಟೆಲ್ಲ ಆದದ್ದು. ಸ್ಟೇಷನ್ನಿನ ಹತ್ತಿರ ಸದಾನಂದ ಧಣಿಗಳ ಹೋಟೆಲಿನಲ್ಲಿ ಹದಿನೆಂಟು ವರ್ಷ ಕಾಫಿ ಒಲೆಯ ಮುಂದೆ ನಿಂತವ ನಾನು, ಕಾಂತಪ್ಪ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬೀಜ ಹೆಚ್ಚು ಹುರಿದದ್ದೋ ಕಡಿಮೆಯೋ ಎಂದು ನನ್ನ ಮೂಗು ಹೇಳುತ್ತಿತ್ತು. ಅಂಥ ಮೂಗು ಇಟ್ಟುಕೊಂಡು ನಾನು ಮಾಡಿದ ಕೆಲಸ ಕೇಳಿ.

ಬೊಳ್ಳು ಹೋಟೆಲಿನ ಹಿತ್ತಿಲ ನಾಯಿ. ತುಳುವಿನಲ್ಲಿ ಬೊಳ್ದು ಎಂದರೆ ಬಿಳಿ; ಹತ್ತಿಯುಂಡೆಯ ಹಾಗಿದ್ದ ಮರಿಗೆ ನಾನೇ ಇಟ್ಟ ಹೆಸರು. ಬೆಳಿಗ್ಗೆ ಮೊದಲ ಫಿಲ್ಟರ್ ಇಳಿದ ಮೇಲೆ ಅದರ ಚರಟವನ್ನು ಹಿತ್ತಿಲ ತಗಡಿನ ಡಬ್ಬಕ್ಕೆ ಬಡಿದು ಹಾಕುತ್ತಿದ್ದೆ. ಟಣ್ ಟಣ್, ಎರಡೇ ಪೆಟ್ಟು. ಟ್ರಾಮಿನ ಗಂಟೆ, ಮಾರ್ಕೆಟ್ಟಿನ ಗಲಾಟೆ ಏನೇ ಇರಲಿ, ಬೊಳ್ಳು ಎಲ್ಲಿದ್ದರೂ ಆ ಸದ್ದಿಗೆ ಓಡಿ ಬರುತ್ತಿತ್ತು. ಹಾಲಿನಲ್ಲಿ ನೆನೆಸಿದ ಬನ್ನು ಕೊಡುವವರೆಗೆ ನನ್ನ ಕಾಲ ಮೇಲೆ ಗದ್ದ ಊರಿ ಕೂರುತ್ತಿತ್ತು. ಹೆಂಡತಿ ಮಕ್ಕಳು ಊರಿನಲ್ಲಿ. ಈ ಬೊಂಬಾಯಿಯಲ್ಲಿ ನನ್ನನ್ನು ಕಂಡರೆ ಸಂತೋಷಪಡುತ್ತಿದ್ದ ಜೀವ ಅದೊಂದೇ.

ಐವತ್ತಾರನೇ ಇಸವಿಯ ಮಳೆಗಾಲ ಮುಗಿಯುವಾಗ ಬೊಳ್ಳು ತಲೆ ಕೊಡವಲು ಶುರುಮಾಡಿತು. ಪಟಪಟ, ಪಟಪಟ, ಇಡೀ ದಿನ. ಹಿಂಗಾಲಿನಲ್ಲಿ ಕೆರೆದು ಕೆರೆದು ಕಿವಿಯ ಬುಡದ ಕೂದಲು ಹೋಯಿತು. ಕಿವಿ ಮಗುಚಿ ನೋಡಿದೆ. ಒಳಗೆಲ್ಲ ಕಪ್ಪು ಕಂದು ಪುಡಿ ಮೆತ್ತಿಕೊಂಡಿತ್ತು. ನಾಯಿ ಮಲಗುವುದೇ ಚರಟದ ಡಬ್ಬದ ಪಕ್ಕದಲ್ಲಿ.

“ಚರಟದಲ್ಲಿ ಹೊರಳಾಡ್ತೀಯಾ ಬೇವರ್ಸಿ?” ಎಂದು ಬೆನ್ನಿಗೆ ಒಂದು ಕೊಟ್ಟೆ.

ಫಿಲ್ಟರಿಗೆ ಕರೆ ಹಿಡಿದರೆ ನಾನೇನು ಮಾಡುತ್ತಿದ್ದೆನೋ ಅದನ್ನೇ ಅದರ ಕಿವಿಗೂ ಮಾಡಿದೆ. ಬಟ್ಟೆ ಒಗೆಯುವ ಸೋಡಾವನ್ನು ಬಿಸಿನೀರಿಗೆ ಹಾಕಿ ಕಿವಿಯೊಳಗೆ ಹೊಯ್ದೆ. ಹಿಡಿಸೂಡಿಯ ಕಡ್ಡಿಗೆ ಬಟ್ಟೆ ಸುತ್ತಿ, ಫಿಲ್ಟರಿನ ತೂತು ಬಿಡಿಸುವ ಹಾಗೆ, ಆಳಕ್ಕೆ ಹಾಕಿ ತಿರುಗಿಸಿದೆ. ಬೊಳ್ಳು ಕುಂಯ್ ಎಂದಿತೇ ಹೊರತು ಕಚ್ಚಲಿಲ್ಲ. ಮಾರನೇ ದಿನ ಮತ್ತೆ ಅಷ್ಟೇ ಪುಡಿ.

ಹೋಟೆಲಿನ ಅಕ್ಕಿ ಬೇಳೆ ಆರಿಸಲು ಮಲ್ಲವ್ವ ಬರುತ್ತಿದ್ದಳು, ವಿಜಾಪುರದ ಕಡೆಯವಳು. ಮೊರ ಬದಿಗಿಟ್ಟು ಎದ್ದು ಬಂದು ಕಿವಿಯೊಳಗೆ ಇಣುಕಿದಳು.

“ಅಣ್ಣಾರ, ಇದು ನಿಮ್ಮ ಕಾಫಿ ಅಲ್ರೀ. ಕಿವ್ಯಾಗ ಹುಳ ಬಿದ್ದಾವ. ನಮ್ಮ ಕುರಿ ಕಾಯೋ ನಾಯಿಗೂ ಹಿಂಗಽ ಆಗಿತ್ತು. ನೀರು ಹಾಕಬ್ಯಾಡ್ರಿ, ಎಣ್ಣಿ ಬಿಡ್ರಿ.”

ನನಗೆ ಪಿತ್ತ ನೆತ್ತಿಗೇರಿತು. “ಹದಿನೆಂಟು ವರ್ಷದಿಂದ ಕಾಫಿ ಮಾಡುವವ ನಾನು. ಚರಟ ಯಾವುದು ಅಂತ ನೀನು ನನಗೆ ಹೇಳಿಕೊಡುದಾ ಮಾರಾಯ್ತಿ?”

“ಸಿಟ್ಟಾಗಬ್ಯಾಡ್ರಿ. ಒಮ್ಮೆ ಮೂಸ್ಯರ ನೋಡ್ರಿ.”

“ನೀನು ಅಕ್ಕಿಯ ಕಲ್ಲು ನೋಡು, ಹೋಗು!”

ಅವಳು ಹೋಗಿ ಮೊರದ ಮುಂದೆ ಕೂತಳು. ನಾನು ಮೂಸಲಿಲ್ಲ. ನಾಯಿಯ ಕಿವಿ ಮೂಸುವುದೆಂದರೆ ಅವಳ ಮಾತಿಗೆ ಸೋತ ಹಾಗೆ ಎಂದುಕೊಂಡೆ. ಥೂ, ಎಂಥ ಮನುಷ್ಯ ನಾನು!

ಹದಿನೈದು ದಿನದಲ್ಲಿ ಬೊಳ್ಳುವಿನ ಎಡಗಿವಿ ಇಡ್ಲಿಯಷ್ಟು ಊದಿಕೊಂಡಿತು. ಪಾಪ, ಪರಿಚಯದ ಗಿರಾಕಿಯೊಬ್ಬರು ತಲೆ ಸವರಲು ಹೋಗಿ ಕಿವಿ ಮುಟ್ಟಿದರು. ಅದು ನೋವಿಗೆ ಅವರ ಕೈಗೆ ಬಾಯಿ ಹಾಕಿತು. ಹಲ್ಲು ತಾಗಲಿಲ್ಲ, ಆದರೆ ಧಣಿಗಳು ಗಲ್ಲೆಯಿಂದ ಎದ್ದು ಬಂದರು.

“ಕಾಂತಪ್ಪ, ಇನ್ನು ಇದು ಇಲ್ಲಿ ಬೇಡ ಮಾರಾಯ. ದಹಿಸರ್‌ನ ನಮ್ಮ ಪೂವಪ್ಪನ ಎಮ್ಮೆ ಹಟ್ಟಿಗೆ ಬಿಟ್ಟು ಬಾ. ಗುಣ ಆದ ಮೇಲೆ ತಂದರಾಯ್ತು.”

ಪೂವಪ್ಪ ಹೋಟೆಲಿಗೆ ಹಾಲು ಕಳಿಸುವವ, ಒಳ್ಳೆಯ ಜನ. ಅವನ ಹಾಲಿನ ಲಾರಿ ವಾಪಸು ಹೋಗುವಾಗ ಬೊಳ್ಳುವನ್ನು ಹತ್ತಿಸಿಕೊಂಡು ಹೋದೆ. ಹಟ್ಟಿಯ ಕಂಬಕ್ಕೆ ಕಟ್ಟಿದೆ. ಪೂವಪ್ಪನ ಕೈಗೆ ಸೋಡಾದ ಪೊಟ್ಟಣ ಕೊಟ್ಟು, ಕಡ್ಡಿಗೆ ಬಟ್ಟೆ ಸುತ್ತುವುದು ಹೇಗೆಂದು ತೋರಿಸಿದೆ. “ದಿನಾ ತೊಳಿಬೇಕು, ತಪ್ಪಿಸಬೇಡ” ಎಂದೆ. ನಾಯಿ ಆಚೆ ನೋಡುತ್ತಿದ್ದಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಹೊರಟೆ. ಹತ್ತು ಹೆಜ್ಜೆ ಇಡಲಿಲ್ಲ, ಅದಕ್ಕೆ ಕೇಳಿತು. ನಾನು ರಸ್ತೆ ಸೇರುವವರೆಗೂ ಬೊಗಳುತ್ತಲೇ ಇತ್ತು.

ಎರಡು ತಿಂಗಳಾಯಿತು. ಒಂದು ಮಧ್ಯಾಹ್ನ ಉಗ್ರಾಣದ ಬೆಕ್ಕು ತಲೆ ಕೊಡವಿತು. ಪಟಪಟ. ಆ ಬೆಕ್ಕು ಹಿತ್ತಿಲಿಗೆ ಇಳಿದದ್ದೇ ಇಲ್ಲ, ಚರಟದ ಡಬ್ಬ ಎಲ್ಲಿದೆ ಎಂದೂ ಅದಕ್ಕೆ ಗೊತ್ತಿರಲಿಲ್ಲ. ಮಳೆ ಹೊಯ್ಯುವಾಗ ಬೊಳ್ಳು ಉಗ್ರಾಣದ ಬಾಗಿಲಲ್ಲಿ ಮಲಗಿದರೆ ಅದರ ಹೊಟ್ಟೆಗೆ ಒರಗಿ ಮಲಗುತ್ತಿತ್ತು, ಅಷ್ಟೇ. ಹಿಡಿದು ಕಿವಿ ಮಗುಚಿದೆ. ಅದೇ ಪುಡಿ. ಬೆರಳಿಗೆ ತೆಗೆದು, ಆಗ ಮೂಸಿದೆ. ಕಾಫಿಯ ವಾಸನೆ ಎಲ್ಲಿಂದ ಬರಬೇಕು? ಹಳಸಿದ ಮುಗ್ಗಲು ನಾತ.

ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಪರೇಲಿನಲ್ಲಿದ್ದ ಒಬ್ಬ ದನದ ಡಾಕ್ಟರರ ಬಳಿ ಓಡಿದೆ. ಮರಾಠಿಯವರು, ಶಾಂತ ಮನುಷ್ಯ. ಪುಡಿಯನ್ನು ಕಪ್ಪು ಕಾಗದದ ಮೇಲೆ ಉದುರಿಸಿ ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಸಾಸಿವೆಗಿಂತ ಎಷ್ಟೋ ಸಣ್ಣ ಬಿಳಿ ಚುಕ್ಕಿಗಳು ಹರಿದಾಡುತ್ತಿದ್ದವು. ಕಿವಿಯ ನುಸಿ, ಎಂದರು ಹಿಂದಿಯಲ್ಲಿ. ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟುತ್ತದೆ, ಹಾಗಾಗಿ ಜೊತೆಗಿದ್ದ ಎಲ್ಲಕ್ಕೂ ಮದ್ದು ಮಾಡಬೇಕು. ಎಣ್ಣೆ ಬಿಟ್ಟು ಪುಡಿ ಮೆದು ಮಾಡಿ, ಹೊರಗೆ ಬಂದದ್ದನ್ನು ಮಾತ್ರ ಹತ್ತಿಯಲ್ಲಿ ಒರೆಸಿ, ಆಮೇಲೆ ಈ ಸೀಸೆಯ ಔಷಧಿ. ಕೆರೆತ ನಿಂತಿತೆಂದು ಬಿಡಬಾರದು. ಮೊಟ್ಟೆ ಒಡೆದು ಮತ್ತೆ ಹುಟ್ಟುತ್ತವೆ, ಮೂರು ವಾರ ಬೇಕು. ಕಡ್ಡಿಯನ್ನಂತೂ ಒಳಗೆ ಹಾಕಲೇಬಾರದು, ಕಿವಿಯ ಪರದೆ ಹರಿಯುತ್ತದೆ.

“ನಾನು ಕಾಫಿ ಚರಟ ಅಂದ್ಕೊಂಡೆ ಸಾಹೇಬ್ರೇ” ಎಂದೆ, ನನಗೆ ಬರುವ ಹಿಂದಿಯಲ್ಲಿ.

ಅವರು ನಕ್ಕರು. ನೋಡಲು ಕಾಫಿ ಚರಟದ ಹಾಗಿರುವುದೇ ಈ ರೋಗದ ಗುರುತು, ನಾವು ಕಲಿಯುವಾಗಲೂ ಹಾಗೇ ಹೇಳಿಕೊಡುತ್ತಾರೆ ಎಂದರು. ನನಗೆ ನಗು ಬರಲಿಲ್ಲ.

ಹೋಟೆಲಿಗೆ ಬಂದವನೇ ಮಲ್ಲವ್ವನ ಮುಂದೆ ನಿಂತೆ. “ನೀನು ಹೇಳಿದ್ದೇ ಸರಿ. ನಾನು ಕತ್ತೆ” ಎಂದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. “ನನ್ನ ಮುಂದ ಅಂದ್ರ ಏನ್ ಬಂತ್ರೀ ಅಣ್ಣಾರ? ಮೊದಲು ನಾಯಿ ಕಡೆ ಹೋಗ್ರಿ” ಎಂದಳು.

ಮಾರನೇ ದಿನ ರಜೆ ಕೇಳಿ ಹೊರಟೆ. ಔಷಧಿಯ ಸೀಸೆ, ಒಂದು ಬನ್ನು, ಬೊಳ್ಳುವಿಗೆ ಖುಷಿಯಾಗಲಿ ಎಂದು ಹಳೆಯ ಫಿಲ್ಟರಿನ ಮೇಲಿನ ಪಾತ್ರೆ. ದಾದರಿನಲ್ಲಿ ಗಾಡಿ ಬದಲಿಸಿ ದಹಿಸರ್‌ನಲ್ಲಿ ಇಳಿಯುವವರೆಗೂ ಒಂದೇ ಯೋಚನೆ: ಇವತ್ತೇ ಕರೆದುಕೊಂಡು ಬರುವುದು, ಹಿತ್ತಿಲಲ್ಲೇ ಇಟ್ಟು ಮದ್ದು ಮಾಡುವುದು. ಧಣಿಗಳ ಕಾಲು ಹಿಡಿದಾದರೂ ಸರಿ.

“ಬನ್ನಿ ಕಾಂತಣ್ಣ” ಎಂದ ಪೂವಪ್ಪ. “ನಿಮ್ಮ ಬೊಳ್ಳುವಿಗೆ ಈಗ ಭಾರೀ ಅಹಂಕಾರ ಮಾರಾಯ್ರೆ. ಎಷ್ಟು ಕರೆದರೂ ತಿರುಗಿ ನೋಡುದಿಲ್ಲ.”

“ಕಿವಿ?”

“ಒಂದು ದಿನ ತಪ್ಪಿಸ್ಲಿಲ್ಲ. ನೀವು ತೋರಿಸಿದ ಹಾಗೇ, ಸೋಡಾ ನೀರು, ಕಡ್ಡಿ. ನೀವು ಕೊಟ್ಟದ್ದು ಮುಗಿಯಿತು, ಮತ್ತೆ ನಾನೇ ತರಿಸಿದೆ.”

ಬೊಳ್ಳು ಹುಲ್ಲಿನ ರಾಶಿಯ ಬಳಿ ಆಚೆ ಮುಖ ಮಾಡಿ ಕೂತಿತ್ತು. ಪಾತ್ರೆಯನ್ನು ಬಕೀಟಿನ ಅಂಚಿಗೆ ಬಡಿದೆ. ಟಣ್ ಟಣ್. ಸಾಲಿನ ಎಮ್ಮೆಗಳೆಲ್ಲ ತಲೆ ಎತ್ತಿದವು. ಬೊಳ್ಳು ಕೂತಲ್ಲೇ ಕೂತಿತ್ತು. ಇನ್ನೂ ಜೋರಾಗಿ ಬಡಿದೆ. ಕಿವಿಯೂ ಅಲುಗಲಿಲ್ಲ.

ಸುತ್ತು ಹಾಕಿ ಅದರ ಎದುರಿಗೆ ಹೋದೆ. ಕಂಡದ್ದೇ ಮೈಮೇಲೆ ಹಾರಿತು, ಕುಣಿಯಿತು, ನನ್ನ ಕೈ ಮುಖವೆಲ್ಲ ನೆಕ್ಕಿತು. ಸಿಟ್ಟೂ ಇಲ್ಲ, ಅಹಂಕಾರವೂ ಇಲ್ಲ. ನಾನು ಅದರ ಕಿವಿಗೆ ಕೈ ಇಟ್ಟ ಕೂಡಲೇ ಕುಣಿತ ನಿಲ್ಲಿಸಿ, ಕಣ್ಣು ಮುಚ್ಚಿ, ನೋವಿಗೆ ತಯಾರಾಗಿ ನಿಂತಿತು. ಎಮ್ಮೆಗಳ ನಡುವೆ ಕೂತು ನಾನು ಗಳಗಳನೆ ಅತ್ತೆ.

ಮೂರು ವಾರ ಪೂವಪ್ಪ ಔಷಧಿ ಹಾಕಿದ. ವಾರಕ್ಕೊಮ್ಮೆ ನಾನೂ ಹೋದೆ. ಕೆರೆತ ಹೋಯಿತು, ಕೂದಲು ಬಂತು, ಕಿವಿಯೊಳಗೆ ಬೆಳ್ಳಗೆ ಚೊಕ್ಕ ಆಯಿತು. ಕೇಳುವುದು ಮಾತ್ರ ಬರಲಿಲ್ಲ, ಬರುವುದೂ ಇಲ್ಲ ಎಂದರು ಡಾಕ್ಟರು. ಕಿವಿ ಕೇಳದ ನಾಯಿಯನ್ನು ಬೈಕುಲ್ಲಾದ ಟ್ರಾಮು ಲಾರಿಗಳ ನಡುವೆ ತಂದು ಬಿಡಲು ನನಗೆ ಧೈರ್ಯ ಬರಲಿಲ್ಲ. ಅಲ್ಲೇ ಇರಲಿ ಎಂದೆ.

ಮದ್ದಿನ ಕೊನೆಯ ದಿನ ಅದು ಬನ್ನು ತಿಂದು ನನ್ನ ಪಕ್ಕದಲ್ಲೇ ಆಚೆ ಮುಖ ಮಾಡಿ ಮಲಗಿತು. ನಾನು ಎದ್ದು, ಮೊದಲ ಸಲ ಬಿಟ್ಟು ಹೋದಾಗಿನ ಹಾಗೇ ಬಗ್ಗಿ ಚಪ್ಪಲಿಯನ್ನು ಕೈಗೆ ತೆಗೆದುಕೊಂಡೆ. ಆಮೇಲೆ ನೆನಪಾಯಿತು. ಕೆಳಗೆ ಹಾಕಿ, ಮೆಟ್ಟಿಕೊಂಡು, ಚಟಚಟ ಸದ್ದು ಮಾಡುತ್ತಾ ರಸ್ತೆಯವರೆಗೂ ನಡೆದೆ.