ಬಿಟ್ಟುಕೊಟ್ಟ ದಾರಿ

"ಅಯ್ಯೋ, ನಮ್ಮ ಸೆಲ್ವಿನಣ್ಣ ಕಣ್ರೇ!"

ಹೋಟೆಲಿನ ಬಾಗಿಲಿಗೆ ಅಡ್ಡವಾಗಿ ಸಾಲುಗಟ್ಟಿದ್ದ ಹೆಂಗಸರು ತಟ್ಟೆ ಬಡಿಯುವುದನ್ನು ನಿಲ್ಲಿಸಿದರು. ವಾಷಿಂಗ್ಟನ್ನಿನ ಆ ಹೋಟೆಲಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವವರಲ್ಲಿ ಅರ್ಧಕ್ಕರ್ಧ ನಮ್ಮ ಪುಟ್ಟ ದ್ವೀಪದೇಶದವರೇ. ಕೂಲಿ ಹೆಚ್ಚಿಸುವವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲವೆಂದು ಹಿಮದಲ್ಲಿ ನಿಂತಿದ್ದರು.

ಸೆಲ್ವಿನ್ ಗ್ರೀನಿಜ್ ಕಾರಿನಿಂದಿಳಿದು ಕೋಟು ಸರಿಮಾಡಿಕೊಂಡ. ಬಂದರಿನ ಹಮಾಲರ ಸಂಘ ಕಟ್ಟಿದವನು, ಈಗ ದ್ವೀಪದ ರಾಯಭಾರಿ. ಒಳಗೆ ಅವನಿಗೆ ಔತಣವಿತ್ತು.

"ನಮ್ ಪರ ಮಾತಾಡಕ್ಕೆ ಬಂದವ್ರೆ. ದಾರಿ ಬಿಡ್ರೇ, ಅಣ್ಣ ಮೆಟ್ಲ ಮೇಲೆ ನಿಂತ್ಕೊಳ್ಳಿ!" ಎಂದಳು ಮುಂದಿದ್ದ ವರ್ನೀಟಾ.

ಸಾಲು ಬಿರಿಯಿತು. ಸೆಲ್ವಿನ್ ಕೈಕುಲುಕಿದ, "ಊಟ ಆಯ್ತಾ ತಾಯಿ?" ಎಂದ, ಮೆಟ್ಟಿಲು ಹತ್ತಿ ನೇರ ಒಳಗೆ ಹೋಗಿಬಿಟ್ಟ.

"ಒಳಗೇ ಮಾತಾಡ್ತಾರೇನೋ," ಎಂದಳು ವರ್ನೀಟಾ.

"ಹ್ಞೂಂ, ಕೈಯಲ್ಲಿ ಗ್ಲಾಸ್ ಹಿಡ್ಕೊಂಡು," ಎಂದಳು ಇನ್ನೊಬ್ಬಳು.

ಅವನ ಹೆಂಡತಿ ಯೂನೀಸ್ ಹಿಂದೆಯೇ ಬರುತ್ತಿದ್ದಳು. ಅವಳಿಗಾಗಿ ದಾರಿ ಇನ್ನೂ ತೆರೆದೇ ಇತ್ತು. "ಹೋಗು ಅತ್ತಿಗೆ, ಚಳಿ," ಎಂದರು ಯಾರೋ.

ಯೂನೀಸಳ ಕಾಲು ಏಳಲಿಲ್ಲ. ಹಿಂದೆ ಸೆಲ್ವಿನ್ ನಡೆಸಿದ ಬಂದರಿನ ಮುಷ್ಕರದಲ್ಲಿ ಅವಳ ತಮ್ಮ ಡಾರ್ನ್ಲಿ ಒಂದೇ ಒಂದು ದಿನ ಮುಷ್ಕರದವರ ಸಾಲು ದಾಟಿ ಕೆಲಸಕ್ಕೆ ಹೋಗಿದ್ದ. ಅಂದಿನಿಂದ ಅವನಿಗೆ ಅಕ್ಕನ ಮನೆಯ ಬಾಗಿಲು ಮುಚ್ಚಿತು. ಮುಚ್ಚಿದವಳು ಅವಳೇ. ಗಂಡನಿಗೆ ಹೆದರಿ ಅಲ್ಲ, ಅದೇ ನ್ಯಾಯವೆಂದು ನಂಬಿ. ತಮ್ಮ ಸತ್ತಾಗ ಚರ್ಚಿನಲ್ಲಿ ಬಾರಿಸಿದ ಗಂಟೆಯನ್ನು ಅಡುಗೆಮನೆಯಲ್ಲಿ ನಿಂತೇ ಕೇಳಿದ್ದಳು. ಮಣ್ಣಿಗೂ ಹೋಗಲಿಲ್ಲ.

ಸೆಲ್ವಿನ್ ಬಾಗಿಲಿಗೆ ಮರಳಿ ಬಂದ. "ಯೂನೀಸ್, ಬಾ. ಎಲ್ಲ ಕಾಯ್ತಿದಾರೆ. ಇದು ಬೇರೆ ವಿಷಯ, ಆಮೇಲೆ ಹೇಳ್ತೀನಿ."

"ಡಾರ್ನ್ಲಿಗೂ ಬೇರೆ ವಿಷಯಾನೇ ಇತ್ತು. ಅವನ ಮಗೂಗೆ ಜ್ವರ, ಔಷಧಿಗೆ ಕಾಸಿರ್ಲಿಲ್ಲ."

"ಜನದ ಮುಂದೆ ಬೇಡ ಕಣೇ."

"ಜನದ ಮುಂದೇನೇ ಅಲ್ವಾ ನೀನು ಅವನ್ನ ನಮ್ ಪಾಲಿಗೆ ಸತ್ತ ಅಂದಿದ್ದು? ಬದುಕಿದ್ದೋನನ್ನ!"

ಅವಳು ಹೆಂಗಸರತ್ತ ತಿರುಗಿ, "ಮುಚ್ರೇ ದಾರೀನ," ಎಂದಳು.

ಯಾರೂ ಅಲುಗಲಿಲ್ಲ. ಎಷ್ಟಾದರೂ ಅವನು ಅಣ್ಣ. ಯೂನೀಸ್ ತಾನೇ ಆ ತೆರಪಿನ ನಡುವೆ ಹೋಗಿ, ಗಂಡನಿಗೆ ಎದುರಾಗಿ ನಿಂತಳು. ಒಬ್ಬಳಿಂದ ತುಂಬುವಷ್ಟು ಸಣ್ಣದಾಗಿರಲಿಲ್ಲ ಅದು. ಎರಡೂ ಬದಿಯಿಂದ ಗಾಳಿ ನುಗ್ಗಿ ಅವಳ ತೆಳು ರೇಷ್ಮೆಯನ್ನು ಎಳೆದಾಡಿತು.

ತುಸು ಹೊತ್ತಿಗೆ ವರ್ನೀಟಾಳ ಒರಟು ಉಣ್ಣೆಕೋಟಿನ ತೋಳು ಅವಳ ತೋಳಿಗೆ ತಾಗಿತು. ಆ ಕಡೆಯಿಂದ ಇನ್ನೊಂದು.