ವಿಭೂತಿ ಇಟ್ಟ ಫೋನು

ಹದಿನಾರು ಎಂಬ ಊರಿನ ಮಲ್ಲಾಜಮ್ಮನ ಮನೆಯಲ್ಲಿ ವಿಭೂತಿ ಇಲ್ಲದ ವಸ್ತು ಒಂದೂ ಇರಲಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ವಿಭೂತಿ, ಕುಡುಗೋಲಿಗೆ ವಿಭೂತಿ, ಮಿಕ್ಸಿಗೆ ವಿಭೂತಿ. ಗ್ಯಾಸ್ ಸಿಲಿಂಡರು ಹೊಸದು ಬಂದಾಗಲೆಲ್ಲ ಮೂರು ಬೆರಳು ಎಳೆದು, ನಡುವೆ ಕುಂಕುಮದ ಬೊಟ್ಟಿಟ್ಟ ಮೇಲೇ ಒಲೆಗೆ ಜೋಡಣೆ. "ಬರೀ ಅಣೇಲಿ ಯಾವುದೂ ನನ್ ಮನೆ ಒಳಿಕ್ ಬರಕೂಡದು" ಅನ್ನೋದು ಆಯಮ್ಮನ ಕಾನೂನು. ಸಿಲಿಂಡರಿಗೆ ಹಣೆ ಎಲ್ಲಿದೆ ಅಂತ ಯಾರಾದರೂ ನಕ್ಕರೆ, "ನಿಂಗದೆಯಲ್ಲ, ಅದಕ್ಕಿರಲ್ವ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಂಥವಳ ಮನೆಗೆ ಹೊಸ ಸ್ಮಾರ್ಟ್‌ಫೋನು ಬರಿ ಹಣೆಯಲ್ಲಿ ಬಂದೀತೇ? ಅದೂ ಗಂಡನ ಕಣ್ಣಿಗೋಸ್ಕರ ತಂದ ಫೋನು!

ಗಂಡ ಪುಟ್ಟಬಸವಯ್ಯನ ಬಲಗಣ್ಣು ಚಿಕ್ಕಂದಿನಲ್ಲೇ ಚಿನ್ನಿದಾಂಡು ಆಡುವಾಗ ಹೋಗಿತ್ತು. ಉಳಿದ ಒಂದೇ ಕಣ್ಣಲ್ಲಿ ಐವತ್ತು ವರ್ಷ ಗದ್ದೆ, ಕಬ್ಬು, ಸಂತೆ, ಸಂಸಾರ ಎಲ್ಲವನ್ನೂ ನೋಡಿಕೊಂಡ ಗಟ್ಟಿಗ. ಎರಡು ವರ್ಷದ ಕೆಳಗೆ ಕಬ್ಬಿನ ಒಣ ಗರಿ ಸವರುತ್ತಿದ್ದಾಗ ಅದರ ಅಂಚು ಆ ಕಣ್ಣಿಗೇ ಸರ್ರನೆ ಎಳೆಯಿತು. ಆಸ್ಪತ್ರೆಗೆ ಹೋಗು ಅಂದರೆ ಕೇಳುವ ಜೀವವಲ್ಲ ಅದು. ನಂದಿಬಟ್ಟಲ ಹೂವಿನ ರಸ ಬಿಟ್ಟುಕೊಂಡು ಜಗುಲಿ ಮೇಲೆ ಕೂತ. ತಿಂಗಳೊಪ್ಪತ್ತಿನಲ್ಲಿ ಕಣ್ಣಿಗೆ ಹೂ ಬಿತ್ತು. ಕರಿಗುಡ್ಡೆಯ ಮೇಲೆ ಹಾಲಿನ ಕೆನೆಯಂಥ ಬಿಳಿ ಪೊರೆ. ಹಗಲು ಯಾವುದು, ರಾತ್ರಿ ಯಾವುದು ಅಂತ ತಿಳಿಯುತ್ತಿತ್ತು, ಅಷ್ಟೆ.

ಮೈಸೂರಿನ ಆಸ್ಪತ್ರೆಯಲ್ಲಿ ಖಂಡಿತವಾಗಿ ಹೇಳಿಬಿಟ್ಟರು. "ಕಣ್ಣಿನ ಕರಿಗುಡ್ಡೆಯ ಮೇಲಿನ ಪದರ ಬದಲಾಯಿಸಬೇಕು. ಯಾರಾದರೂ ದಾನ ಕೊಟ್ಟ ಕಣ್ಣು ಬಂದಾಗ ಫೋನ್ ಮಾಡ್ತೀವಿ. ಅವತ್ತೇ ಬಂದು ಸೇರ್ಕೋಬೇಕು. ಮೂರು ಸಲ ಮಾಡ್ತೀವಿ. ಎತ್ತಲಿಲ್ಲ ಅಂದ್ರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತೆ. ಕಣ್ಣು ಕಾಯ್ಕೊಂಡು ಕೂರಲ್ಲಮ್ಮ."

ಮನೆಯಲ್ಲಿದ್ದ ಹಳೇ ಗುಂಡಿ ಫೋನಿನ ಬ್ಯಾಟರಿ ಊದಿಕೊಂಡು ಬೆನ್ನು ಬಿಟ್ಟಿತ್ತು. ಅದನ್ನು ನಂಬೋದು ಹೇಗೆ? ತಿ. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಮಗಳು ಅರ್ಪಿತ, ಅವ್ವನನ್ನು ಕರೆದುಕೊಂಡು ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರದ ರಂಜಿನಿಯ ಅಂಗಡಿಯಲ್ಲಿ ಹೊಸ ಫೋನು ಕೊಡಿಸಿದಳು. ರಂಜಿನಿ ಪರದೆಗೆ ಗಾಜು ಅಂಟಿಸಲು ಹೋದಾಗ ಮಲ್ಲಾಜಮ್ಮ ಕೈ ಅಡ್ಡ ಹಿಡಿದಳು. "ಮೊದ್ಲು ನಂಜುಂಡೇಶ್ವರನ ಪಾದಕ್ಕೆ ಮುಟ್ಸ್ಕಬತ್ತೀನಿ. ಆಮೇಲೆ ಮಿಕ್ಕಿದ್ದು."

ಸೋಮವಾರ ನಂಜನಗೂಡಿಗೆ ಹೋಗಿ, ಕಪಿಲೆಯಲ್ಲಿ ಕಾಲು ತೊಳೆದು, ಫೋನನ್ನು ಗರ್ಭಗುಡಿಯ ತನಕ ಕಳಿಸಿ ಪೂಜೆ ಮಾಡಿಸಿದಳು. ತೇರಿನ ಬೀದಿಯಲ್ಲೇ ನಿಂತು ಪ್ರಸಾದದ ವಿಭೂತಿಯನ್ನು ನೀರಲ್ಲಿ ಕಲೆಸಿ, ಪರದೆಯ ಮೇಲ್ತುದಿಗೆ ಮೂರು ಬೆರಳು ಎಳೆದಳು. ನಡುವೆ ಕುಂಕುಮ. ಬಾಯಲ್ಲಿ ಹರಕೆ: "ಅಪ್ಪಾ, ಇದರಲ್ಲಿ ಅವರ ಕಣ್ಣು ಬರಬೇಕು ಕಣಪ್ಪ." ಆಮೇಲೆ ಅಲ್ಲೇ ಒಂದು ಅಂಗಡಿಯಲ್ಲಿ ಗಾಜು ಅಂಟಿಸಲು ಕೊಟ್ಟಳು. ಅಂಗಡಿಯವನು ವಿಭೂತಿ ಒರೆಸಲು ಬಟ್ಟೆ ತೆಗೆದ. "ಒರೆಸ್ದೋ, ಕೈ ಮುರ್ದಾಕ್ಬುಡ್ತೀನಿ! ಮೇಲೇ ಅಂಟ್ಸು, ಅಳಿಸೋಗ್ದಂಗಿರ್ಲಿ." ಪಾಪ, ಅವನಿಗ್ಯಾಕೆ ದೇವರ ತಂಟೆ? ಹಾಗೇ ಅಂಟಿಸಿದ. ಗಾಜಿನ ಕೆಳಗೆ ವಿಭೂತಿ ಭದ್ರವಾಗಿ ಕೂತಿತು. ನೋಡಿದವರೆಲ್ಲ ಫೋನಿಗೂ ಕಳೆ ಬಂತು ಅಂದರು.

ಕಳೆಯೇನೋ ಬಂತು, ಕೆಲಸ ಕೆಟ್ಟಿತು. ಫೋನು ಕೂಗುತ್ತಿತ್ತು, ಎತ್ತಲು ಬರುತ್ತಿರಲಿಲ್ಲ. ಪರದೆ ಕಪ್ಪಗೆ, ಅದರ ಮೇಲೆ ಎರಡು ಸಾಲು ಇಂಗ್ಲಿಷು. ಬೆರಳಲ್ಲಿ ಮೇಲಕ್ಕೆಳೆದರೂ ಇಲ್ಲ, ಕೆಳಕ್ಕೆಳೆದರೂ ಇಲ್ಲ. ತಾನಾಗೇ ಕೂಗಿ ಕೂಗಿ ಸುಮ್ಮನಾದ ಮೇಲೆ, ಪಕ್ಕದ ಗುಂಡಿಗಳನ್ನು ಒಂದಷ್ಟು ಹೊತ್ತು ಅದುಮಿ ಹಿಡಿದರೆ ಬೆಳಕು ಬಂದು "ಮಿಸ್ಡ್ ಕಾಲ್" ಅಂತ ತೋರಿಸುತ್ತಿತ್ತು. ಗೊಬ್ಬರ ಗೋರಿ ಒರಟಾದ ತನ್ನ ಕೈಗೆ ಒಲಿಯುತ್ತಿಲ್ಲ ಎಂದುಕೊಂಡು ಮಲ್ಲಾಜಮ್ಮ ಸೋಪು ಹಾಕಿ ಕೈ ತೊಳೆದಳು, ಕೊಬ್ಬರಿ ಎಣ್ಣೆ ಸವರಿದಳು. ಪಕ್ಕದ ಮನೆಯ ಮಲ್ಲಯ್ಯ ಬಂದು ಸೌಂಡು ಏರಿಸಿದ, ಆಫ್ ಮಾಡಿ ಆನ್ ಮಾಡಿದ, ಸಿಮ್ಮು ತೆಗೆದು ಪಂಚೆಗೆ ಉಜ್ಜಿ ಹಾಕಿದ, ಸಿಗ್ನಲ್ಲಿಗೆ ಅಂತ ಫೋನು ಹಿಡಿದು ತಾರಸಿ ಹತ್ತಿದ. ಕೊನೆಗೆ, "ಆಗ್ಲಿ ಬುಡಕ್ಕ, ಕೂಗ್ ನಿಂತ್ಮೇಲೆ ನಾವೇ ತಿರುಗಿ ಮಾಡುದ್ರಾಯ್ತು" ಅಂತ ತೀರ್ಪು ಕೊಟ್ಟ. ಅದೂ ಸರಿಯೆನಿಸಿತು. ಊರಲ್ಲಿ ಅರ್ಧ ಜನ ಮಾತಾಡೋದೇ ಮಿಸ್ ಕಾಲ್ ಕೊಟ್ಟು ತಾನೇ? ಶನಿವಾರ ನರಸೀಪುರಕ್ಕೆ ತಾ, ರಂಜಿನಿಗೆ ತೋರಿಸೋಣ ಎಂದಳು ಅರ್ಪಿತ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನು ಕೂಗಿತು.

"ಮಲ್ಲಾಜಿ, ಎತ್ತೇ" ಅಂದ ಜಗುಲಿಯ ಮೇಲಿದ್ದ ಪುಟ್ಟಬಸವಯ್ಯ. ಅವಳು ಎಳೆದಳು, ಒತ್ತಿದಳು, ಬಡಿದಳು. ಕಪ್ಪು. ನಿಂತುಹೋಯಿತು. ಮತ್ತೆ ಕೂಗಿತು. "ಎತ್ತೇ ಅಂದ್ರೆ!" ಗಂಡ ಜಗುಲಿಯಿಂದ ಎದ್ದು ನಿಂತ. ಮೂರನೇ ಸಲ ಕೂಗಿದಾಗ ಮಲ್ಲಾಜಮ್ಮ ಬೀದಿಗೆ ಓಡಿ ಸಿಕ್ಕಿದವರ ಕೈಗೆಲ್ಲ ಕೊಟ್ಟಳು. ಯಾರ ಕೈಗೂ ಬಗ್ಗಲಿಲ್ಲ. ಆಮೇಲೆ ಫೋನು ಕೂಗಲಿಲ್ಲ. ಬೆಳಕು ಬರಿಸಿ ನೋಡಿದರೆ ಮೈಸೂರಿನ ನಂಬರು, ಮೂರು ಸಲ. ತಿರುಗಿ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನುವ ಹೆಣ್ಣುದನಿ, ಒತ್ತಲು ಪರದೆಯೇ ಕಪ್ಪು. ಸುದ್ದಿ ಮುಟ್ಟಿ ಅರ್ಪಿತ ಕಚೇರಿಯಿಂದ ಆಸ್ಪತ್ರೆಯವರನ್ನು ಹಿಡಿಯುವ ಹೊತ್ತಿಗೆ ಮಧ್ಯಾಹ್ನ. ಕಣ್ಣು ಬಂದಿತ್ತು. ಪಟ್ಟಿಯಲ್ಲಿ ಮುಂದಿದ್ದವರಿಗೆ ಹೋಗಿಯೂ ಆಗಿತ್ತು.

"ಓಗ್ಲಿ ಬುಡು. ಯಾರಿಗೋ ಬೆಳಕಾಯ್ತಲ್ಲ" ಅಂದ ಪುಟ್ಟಬಸವಯ್ಯ, ಗೋಡೆ ಕಡೆ ಮುಖ ಮಾಡಿಕೊಂಡು. ಬೈದಿದ್ದರೆ ಮಲ್ಲಾಜಮ್ಮ ತಿರುಗಿ ಬೈದು ಹಗುರಾಗುತ್ತಿದ್ದಳು. ಉಟ್ಟ ಸೀರೆಯಲ್ಲೇ ಫೋನನ್ನು ಸೆರಗಿಗೆ ಕಟ್ಟಿಕೊಂಡು ನರಸೀಪುರದ ಬಸ್ಸು ಹತ್ತಿದಳು.

ರಂಜಿನಿ ಅಂಗಡಿಯಲ್ಲಿ ಎಲ್ಲ ತಡಕಿದಳು. ಸೈಲೆಂಟ್ ಆಗಿಲ್ಲ. ತೊಂದರೆ ಕೊಡಬೇಡಿ ಅನ್ನೋದು ಆನ್ ಆಗಿಲ್ಲ. ಬ್ಲಾಕ್ ಪಟ್ಟಿ ಖಾಲಿ. ತನ್ನ ಫೋನಿನಿಂದ ಮಾಡಿ ನೋಡಿದಳು. ಕೂಗಿತು, ಕಪ್ಪಾಯಿತು, ಅದೇ ಎರಡು ಸಾಲು ಬಂತು.

"ಪರದೆಯ ಮೇಲ್ಭಾಗ ಮುಚ್ಚಬೇಡಿ ಅಂತ ಬರ್ತಿದೆಯಲ್ಲಮ್ಮ."

"ಯಾರ್ ಮುಚ್ಚವ್ರೆ ತಾಯಿ? ನಿನ್ ಕೈಲೇ ಅದೆಯಲ್ಲ."

ರಂಜಿನಿ ಫೋನನ್ನು ಬೆಳಕಿಗೆ ಓರೆ ಹಿಡಿದು ಗಾಜಿನೊಳಗಿನ ವಿಭೂತಿಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: "ಅಮ್ಮಾ, ಇದರ ಹಣೇಲಿ ಒಂದು ಕಣ್ಣಿದೆ."

"ಏನಂದೆ?"

"ಕಣ್ಣು. ಸಾಸಿವೆ ಕಾಳಿನಷ್ಟು. ಫೋನು ಕೆನ್ನೆ ಹತ್ತಿರ ಹೋದ್ರೆ ಆ ಕಣ್ಣಿಗೆ ಗೊತ್ತಾಗುತ್ತೆ. ಕೆನ್ನೆ ತಗುಲಿ ಏನೂ ಒತ್ತಿಹೋಗದೆ ಇರಲಿ ಅಂತ ಪರದೆ ಮುಚ್ಕೊಳ್ಳುತ್ತೆ. ಜೇಬಲ್ಲಿದ್ರೂ ಹಂಗೇನೆ. ನೀವು ವಿಭೂತಿ ಇಟ್ಟಿರೋದು ಸರಿಯಾಗಿ ಅದರ ಮೇಲೆ. ಪಾಪ, ಇದು ಸೋಮವಾರದಿಂದ ಯಾರದೋ ಜೇಬಲ್ಲಿದೀನಿ ಅಂದ್ಕೊಂಡು ಕತ್ತಲಲ್ಲಿ ಕೂತಿದೆ."

ಮಲ್ಲಾಜಮ್ಮ ನಂಬಲಿಲ್ಲ. ರಂಜಿನಿ ತನ್ನ ಫೋನಿನಿಂದ ಯಾರಿಗೋ ಕರೆ ಮಾಡಿ, ಅದರ ಹಣೆಯ ಮೇಲೆ ಬೆರಳಿಟ್ಟಳು. ಕತ್ತಲು. ಬೆರಳು ತೆಗೆದಳು. ಬೆಳಕು. "ಎಲ್ಲಿ, ನಾನು" ಎಂದು ಮಲ್ಲಾಜಮ್ಮ ಬೆರಳಿಟ್ಟಳು. ಕತ್ತಲು. ತೆಗೆದಳು. ಬೆಳಕು. ಐದಾರು ಸಲ ಮಾಡಿದಳು. ಎಲಾ ಶಿವನೇ! ಇಷ್ಟು ವರ್ಷ ಕಂಡಕಂಡದ್ದಕ್ಕೆಲ್ಲ ಹಣೆ ಇದೆ ಅಂತ ವಾದ ಮಾಡಿಕೊಂಡು ಬಂದವಳಿಗೆ, ನಿಜವಾಗಿ ಹಣೆಯಿದ್ದ ಒಂದು ವಸ್ತು ಸಿಕ್ಕಿತ್ತು, ಆ ಹಣೆಯಲ್ಲಿ ಶಿವನಿಗಿರುವಂತೆಯೇ ಕಣ್ಣೂ ಇತ್ತು. ಆಮೇಲೆ ಅವಳಿಗೆ ಗಾಜಿನೊಳಗಿನ ಆ ಬೆಳ್ಳನೆಯ ಪದರ ಕಂಡಿತು, ಅದನ್ನು ಎಲ್ಲಿ ನೋಡಿದ್ದೇನೆ ಅನ್ನುವುದೂ ಹೊಳೆಯಿತು.

"ಅಯ್ಯೋ ಮಗಾ, ಇದ್ರ ಕಣ್ಗೂ ಊ ಬಿದ್ದದೆ. ನನ್ ಕೈಯ್ಯಾರೆ ನಾನೇ ಬೀಳ್ಸಿವ್ನಿ!" ಎಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಅತ್ತಳು.

ರಂಜಿನಿ ಗಾಜು ಬಿಡಿಸಿದಳು. ಬಟ್ಟೆ ಕೈಗೆತ್ತಿಕೊಂಡವಳು ಹಾಗೇ ನಿಂತಳು. "ನಾನು ಒರೆಸಲ್ಲಮ್ಮ. ನೀವೇ ಒರೆಸಿ."

ಮಲ್ಲಾಜಮ್ಮನ ಕೈ ಏಳಲಿಲ್ಲ. ಅವಳ ಕಡೆ ಹಣೆಯ ಕುಂಕುಮ ಒರೆಸುವುದು ಒಂದೇ ಒಂದು ದಿನ, ಗಂಡ ಸತ್ತ ದಿನ. ಈ ಫೋನಿಗೆ ಬೊಟ್ಟಿಟ್ಟದ್ದು ಗಂಡನ ಹೆಸರಲ್ಲಿ. ಒರೆಸಿದರೆ ಏನಾದರೂ ಆದೀತು ಅಂತ ಭಯ. ಒರೆಸದಿದ್ದರೆ ಏನಾಗುತ್ತೆ ಅನ್ನೋದು ಬೆಳಿಗ್ಗೆಯೇ ಆಗಿತ್ತಲ್ಲ! ಕೊನೆಗೆ ಕಣ್ಣು ಮುಚ್ಚಿ, "ನಿನ್ ಕಣ್ಣ ನೀನೇ ಬುಡಿಸ್ಕೊ ತಂದೆ" ಎನ್ನುತ್ತ ಬೆರಳು ಒದ್ದೆ ಮಾಡಿ ಒರೆಸಿದಳು. ಬೆರಳಿಗೆ ಬಂದ ಒಂದು ಕಣವನ್ನೂ ನೆಲಕ್ಕೆ ಬಿಡದೆ ತನ್ನ ಹಣೆಗೆ ಹಚ್ಚಿಕೊಂಡಳು.

ರಂಜಿನಿ ಕರೆ ಮಾಡಿದಳು. ಪರದೆ ಝಗ್ಗನೆ ಬೆಳಗಿತು, ಹಸಿರು ಬೊಟ್ಟು ಕುಣಿಯಿತು. ಮಲ್ಲಾಜಮ್ಮ ಎಳೆದಳು. "ಅಲೋ! ಯಾರು? ಕೇಳ್ತದಾ?"

"ಕೇಳ್ತದಮ್ಮ, ನಿಮ್ಮ ಮುಂದೇನೇ ಇದೀನಿ" ಅಂದಳು ರಂಜಿನಿ, ನಗುತ್ತ ಕಣ್ಣೊರೆಸಿಕೊಂಡು.

ಅಲ್ಲಿಂದಾಚೆ ಮಲ್ಲಾಜಮ್ಮ ಫೋನನ್ನು ಕಣ್ಣಳತೆ ಬಿಟ್ಟು ಸರಿಯಗೊಡಲಿಲ್ಲ. ಹಾಲು ಕರೆಯುವಾಗ ಎದುರಿಗೆ ಕಲ್ಲಿನ ಮೇಲೆ, ನೀರು ಹಾಯಿಸುವಾಗ ಬದುವಿನ ಮೇಲೆ. ದಿನಕ್ಕೆರಡು ಸಲ ಆ ಸಾಸಿವೆ ಕಾಳಿನ ಜಾಗವನ್ನು ಸೆರಗಿನ ತುದಿಯಿಂದ ಒರೆಸೋದು, ಮಲ್ಲಯ್ಯನಿಂದ ಒಂದು ಕರೆ ಮಾಡಿಸಿ ನೋಡೋದು. ಹತ್ತೊಂಬತ್ತನೇ ದಿನ ಮುದ್ದೆಗೆ ಹಿಟ್ಟು ತೊಳಸುತ್ತಿದ್ದಾಗ ಮೈಸೂರಿನ ನಂಬರು ಕೂಗಿತು. ಹಿಟ್ಟಿನ ಕೈಯಲ್ಲೇ ಎಳೆದಳು. ಮೊದಲನೇ ಕೂಗಿಗೇ ಬಂತು.

ಸಂಜೆಯೊಳಗೆ ಮೈಸೂರು ಸೇರಿದರು. ಆಪರೇಷನ್ ಆಯಿತು. ಯಾರ ಕಣ್ಣು ಅಂತ ಆಸ್ಪತ್ರೆಯಲ್ಲಿ ಹೇಳುವಂತಿಲ್ಲವಂತೆ. ಮಲ್ಲಾಜಮ್ಮ ಬಿಡದೆ ಕಾಡಿದ್ದಕ್ಕೆ ನರ್ಸಮ್ಮ ಇಷ್ಟು ಮಾತ್ರ ಅಂದಳು: "ಆ ಮನೆಯವರೇ ಫೋನ್ ಮಾಡಿದ್ದಮ್ಮ. ಜೀವ ಹೋದ ಅರ್ಧ ಗಂಟೆಗೆ. ಬೇಗ ಬನ್ನಿ, ತಡ ಆದ್ರೆ ಕೆಟ್ಟೋಗುತ್ತೆ ಅಂತ."

ಮಲ್ಲಾಜಮ್ಮ ಬೆಂಚಿನ ಮೇಲೆ ಹಾಗೇ ಕೂತುಬಿಟ್ಟಳು. ಬಂದ ಫೋನು ಎತ್ತಲು ತಾನು ಪಟ್ಟ ಪಾಡೇ ದೊಡ್ಡದು ಅಂದುಕೊಂಡಿದ್ದಳು. ಹೆಣ ಮುಂದಿಟ್ಟುಕೊಂಡು, ಸುತ್ತ ಗೋಳೋ ಅನ್ನುವಾಗ, ಯಾರದೋ ಒಂದು ಕೈ ಫೋನು ಹುಡುಕಿ ನಂಬರು ಒತ್ತಿತ್ತಲ್ಲ! ಎಂಥ ಜೀವ ಅದು, ಯಾವ ತಾಯಿ ಹೆತ್ತದ್ದು! ಅವರ ಊರು ಯಾವ ದಿಕ್ಕಿಗಿದೆ ಎಂದು ತಿಳಿಯದೆ, ಕೂತಲ್ಲೇ ನಾಲ್ಕೂ ದಿಕ್ಕಿಗೆ ಕೈ ಮುಗಿದಳು.

ಮಾರನೇ ದಿನ ಡಾಕ್ಟರು ಕಟ್ಟು ಬಿಚ್ಚಿದರು. ಈಗಲೇ ಏನೂ ಸ್ಪಷ್ಟ ಕಾಣಲ್ಲ, ನಿಧಾನ ಆಗುತ್ತೆ ಎಂದು ಮೊದಲೇ ಹೇಳಿದ್ದರು. ಪುಟ್ಟಬಸವಯ್ಯ ರೆಪ್ಪೆ ಬಡಿಯುತ್ತ ಕೂತಿದ್ದ. ಮಲ್ಲಾಜಮ್ಮ ಡಾಕ್ಟರ ಬಾಯನ್ನೇ ನೋಡುತ್ತಿದ್ದಳು, ಅರ್ಪಿತ ಬಾಗಿಲಾಚೆ ಇದ್ದಳು. ವಾರ್ಡಿನಲ್ಲಿ ಸದ್ದು ಮಾಡಬಾರದೆಂದು ನರ್ಸಮ್ಮ ಫೋನಿನ ಸೌಂಡು ಪೂರ್ತಿ ತೆಗೆಸಿದ್ದಳು. ಅದು ಮಂಚದ ಪಕ್ಕದ ಸ್ಟೂಲಿನ ಮೇಲೆ ಅಂಗಾತ ಮಲಗಿತ್ತು.

"ಮಲ್ಲಾಜಿ" ಅಂದ ಪುಟ್ಟಬಸವಯ್ಯ.

"ಏನೂಂದ್ರೆ?"

"ಸ್ಟೂಲ್ ಮೇಲೆ ಅದೇನೋ ಅಸಿರ್‌ಗೆ ಒಳೀತಾ ಅದೆ ಕಣೇ. ಫೋನ್ ಬತ್ತಾ ಇರ್ಬೇಕು, ಎತ್ತೇ."

ಯಾರಿಗೂ ಏನೂ ಕೇಳಿಸಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಊರಿಂದ ಮಲ್ಲಯ್ಯ ಮಾಡುತ್ತಿದ್ದ.