ಬಾಡಿಗೆ ಇಳಿದ ಮನೆ

"ಬೀಗದ ಕೈನ ಕಟ್ಟೆ ಮ್ಯಾಲಿಡು. ನನ್ ಕೈಗ್ ಕೊಡ್ಬ್ಯಾಡ," ಎಂದರು ಶಂಕರಪ್ಪ.

ಮಲ್ಲಿಗಮ್ಮ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಅವರು ಕೀ ಗೊಂಚಲಿನ ಮೇಲೆ ಒಂದು ಚೊಂಬು ನೀರು ಹುಯ್ದು, ಟವೆಲಿನಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು. ಆಮೇಲೆ ಒಳಗೆ ಹೋಗಿ ನಲ್ಲಿ, ಸ್ವಿಚ್ಚು, ಕಿಟಕಿ ಎಲ್ಲ ನೋಡಿ ಬಂದು, ಮನೆ ಚೆನ್ನಾಗಿ ಬಂದಿದೆ ಎಂದರು.

ಹಾಸನದಲ್ಲಿ ಹೊಳೆನರಸೀಪುರ ರಸ್ತೆಯ ಆಚೆಗೆ ಎದ್ದಿರುವ ಬಡಾವಣೆ ಅದು. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿದ್ದ ಶಂಕರಪ್ಪ ತಮ್ಮ ಸ್ವಂತ ಮನೆಯ ಪಕ್ಕದ ಸೈಟಿನಲ್ಲಿ ಬಾಡಿಗೆಗೆಂದು ಇದನ್ನು ಕಟ್ಟಿಸಿದ್ದರು. ಟೈಲ್ಸ್ ಹಾಕಿದ್ದು ಮಲ್ಲಿಗಮ್ಮನ ಗಂಡ, ಕಟ್ಟಾಯದ ಕಡೆಯ ಮಹೇಶ್. ಇಟ್ಟಿಗೆ ಹೊತ್ತು, ಗೋಡೆಗೆ ದಿನಕ್ಕೆ ಮೂರು ಸಲ ನೀರು ಹೊಡೆದದ್ದು ಮಲ್ಲಿಗಮ್ಮ. ಸಿಮೆಂಟು ಕಬ್ಬಿಣ ಕಳುವಾಗದಂತೆ ಎಂಟು ತಿಂಗಳು ಒಳಗೇ ಮಲಗಿ ಕಾದದ್ದು ಅವರಿಬ್ಬರು, ಜೊತೆಗೆ ಹನ್ನೆರಡು ವರ್ಷದ ಮಗಳು ಕವನಾ. ಕಾದದ್ದಕ್ಕೆ ಕೂಲಿ ಇರಲಿಲ್ಲ. ಇರೋಕೆ ಜಾಗ ಕೊಟ್ಟಿದ್ದೀನಲ್ಲ ಎಂದು ಶಂಕರಪ್ಪ ಮೊದಲೇ ಹೇಳಿದ್ದರು.

ಕೊನೆಯ ಮೂರು ತಿಂಗಳಲ್ಲಿ ಬಚ್ಚಲಿಗೆ ಬಾಗಿಲು ಬಂತು, ಬಾಗಿಲಿಗೆ ಚಿಲಕ ಬಂತು. ಕವನಾ ಅದೇ ವರ್ಷ ಮೈನೆರೆದಿದ್ದಳು. ತಗಡಿನ ಶೆಡ್ಡುಗಳಲ್ಲೇ ಬೆಳೆದ ಹುಡುಗಿ ಚಿಲಕ ಹಾಕಿಕೊಂಡು ಸ್ನಾನ ಮಾಡಿದ್ದು ಅದೇ ಮೊದಲು. ಒಳಗೆ ಹೋದರೆ ಅರ್ಧ ಗಂಟೆ ಬರುತ್ತಿರಲಿಲ್ಲ. ನೀರು ಸುರಿಯುವ ಸದ್ದೂ ಇರುತ್ತಿರಲಿಲ್ಲ. ಏನು ಮಾಡುತ್ತಿದ್ದೀಯ ಎಂದು ಕೇಳಿದರೆ, ಸುಮ್ಮನೆ ಕೂತಿದ್ದೀನಿ ಎನ್ನುತ್ತಿದ್ದಳು.

ಅದಕ್ಕೇ ಮಲ್ಲಿಗಮ್ಮ ಕೀ ಕೊಟ್ಟ ಮೇಲೂ ಹೋಗದೆ ನಿಂತಳು. ಎರಡು ಬೆಡ್‌ರೂಮಿನ ಮನೆ, ಬಾಡಿಗೆ ಹನ್ನೊಂದು ಸಾವಿರ ಎಂದು ಶಂಕರಪ್ಪ ಬೋರ್ಡು ಬರೆಸಿದ್ದರು. ಮಹೇಶ್ ಕೆಲಸವಿದ್ದ ದಿನ ಸಾವಿರದ ಇನ್ನೂರು ತರುತ್ತಿದ್ದ. ಗಂಡ ಹೆಂಡತಿ ಮೊದಲೇ ಲೆಕ್ಕ ಹಾಕಿದ್ದರು.

"ಸಾ, ಆ ಅನ್ನೊಂದ್ ಸಾವ್ರ ನಾವೇ ಕೊಡ್ತೀವಿ. ಅಡ್ವಾನ್ಸೂ ಕೊಡ್ತೀವಿ. ಮನೆಯ ನಮ್ಗೇ ಕೊಡಿ."

ಶಂಕರಪ್ಪ ನಕ್ಕರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಿದರು.

"ದುಡ್ಡಿನ್ ಮಾತಲ್ಲ ಕಣಮ್ಮ. ನಾನು ಅಂಥೋನಲ್ಲ. ಆದ್ರೆ ಇದು ಸಂಸಾರಸ್ಥರಿರೋ ಬೀದಿ."

ತಾನೂ ಗಂಡ, ಮಗಳ ಜೊತೆ ಇರುವವಳೇ ಎಂದಳು ಮಲ್ಲಿಗಮ್ಮ. ಅದಲ್ಲ ಎಂದರು ಶಂಕರಪ್ಪ. ಯಾವುದು ಎಂದು ಹೇಳಲಿಲ್ಲ. ಅವರ ಹೆಂಡತಿ ಗುರುಸಿದ್ದಮ್ಮ ಕಾಂಪೌಂಡಿನ ಆಚೆಯಿಂದ ಹೇಳಿದರು.

"ಎಂಟ್ ತಿಂಗ್ಳು ಬಿಟ್ಟಿ ಇಟ್ಕಂಡಿದ್ದೇ ತಪ್ಪಾಯ್ತು. ಗುಡಿಸ್ಲಲ್ ಇರೋವ್ಕೆ ಟೈಲ್ಸ್ ನೆಲ ಬೇಕಂತೆ."

ಮರುದಿನ ಅಯ್ನೋರು ಬಂದು ಹೋಮ ಮಾಡಿದರು. ಅಡುಗೆಮನೆಗೆ ಗಂಜಲ ಚಿಮುಕಿಸಿದರು. ಸಂಪು ಖಾಲಿ ಮಾಡಿಸಿ, ತಳ ತೊಳೆಸಿ, ಟ್ಯಾಂಕರಿನಿಂದ ಹೊಸ ನೀರು ತುಂಬಿಸಿದರು. ಸಂಪಿನೊಳಗೆ ಇಳಿದು ತಳ ಉಜ್ಜಿದವನು ಮಹೇಶ್.

ಗಂಡ ಹೆಂಡತಿ ಎರಡು ಭಾನುವಾರ ಊರೆಲ್ಲ ಮನೆ ಹುಡುಕಿದರು. ವಿದ್ಯಾನಗರದ ಕಡೆ ಹನ್ನೆರಡು ಸಾವಿರ ಹೇಳಿದರು, ಸಾಲಗಾಮೆ ರಸ್ತೆಯಲ್ಲಿ ಹತ್ತು, ಉದಯಗಿರಿಯಲ್ಲಿ ಒಂಬತ್ತು. ಬಾಡಿಗೆ ವರ್ಷ ವರ್ಷ ಏರುತ್ತಲೇ ಇದೆ, ಓದೋ ಹುಡುಗರು ನಾಲ್ಕು ಜನ ಸೇರಿ ಎಷ್ಟು ಕೇಳಿದರೂ ಕೊಡುತ್ತಾರೆ ಎಂದು ಎಲ್ಲರೂ ವಿವರಿಸಿದರು. ಅಷ್ಟು ವಿವರಿಸಿದ ಮೇಲೆ ಯಾವ ಜನ ಎಂದು ಕೇಳಿದರು. ನೇರವಾಗಿ ಕೇಳಲು ನಾಚಿಕೊಂಡವರು ಊಟ ಏನು ಎಂದರು. ಊರಿನಲ್ಲಿ ನಿಮ್ಮ ಮನೆ ಯಾವ ದಿಕ್ಕಿಗೆ ಎಂದರು. ಉತ್ತರ ಸಿಕ್ಕ ಮೇಲೆ ಆ ಮನೆ ಆಗಲೇ ಬೇರೆಯವರಿಗೆ ಹೋಗಿರುತ್ತಿತ್ತು. ಒಂದು ಮನೆಯಂತೂ ಮಹೇಶ್ ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಹೋಯಿತು.

ಬೇರೆ ಜಾತಿ ಹೇಳಿಬಿಡೋಣ ಎಂದ ಮಹೇಶ್. ಹಾಗೆ ಸಿಕ್ಕ ಮನೆಯಲ್ಲಿ ಮಗಳಿಗೆ ದಿನಾ ಬೆಳಿಗ್ಗೆ ಸುಳ್ಳು ಕಲಿಸಿ ಸ್ಕೂಲಿಗೆ ಕಳಿಸಬೇಕು, ನನ್ನಿಂದ ಆಗದು ಎಂದಳು ಮಲ್ಲಿಗಮ್ಮ.

ಶಂಕರಪ್ಪನವರ ಬಾಡಿಗೆ ಮನೆಯ ಎದುರಿನ ಖಾಲಿ ಸೈಟಿನಲ್ಲಿ ಚನ್ನರಾಯಪಟ್ಟಣದ ವ್ಯಾಪಾರಿ ಅನಂತರಾಜಯ್ಯ ಮನೆ ಕಟ್ಟಿಸಲು ಶುರುಮಾಡಿದ್ದರು. ಆಳು ಬೇಕಿತ್ತು. ಮೂವರೂ ಅಲ್ಲಿನ ಶೆಡ್ಡಿಗೆ ಹೋದರು. ನಾಲ್ಕು ಗಳ ನೆಟ್ಟು ಟಾರ್ಪಾಲು ಸುತ್ತಿ ಬಚ್ಚಲು ಮಾಡಿದರು. ಟಾರ್ಪಾಲು ಮೊಣಕಾಲಿನಿಂದ ಕತ್ತಿನವರೆಗೆ ಇತ್ತು. ಬೀದಿಯಲ್ಲಿ ವಾಕಿಂಗಿನವರು ಬರುವ ಮೊದಲೇ ಕವನಾ ಎದ್ದು ಮಿಂದುಬಿಡಬೇಕಿತ್ತು. ಅವಳ ಅವ್ವ ಹೊರಗೆ ಸೀರೆ ಹಿಡಿದು ನಿಲ್ಲುತ್ತಿದ್ದಳು. ಎರಡೇ ನಿಮಿಷದಲ್ಲಿ ಹುಡುಗಿ ಒದ್ದೆ ಮೈಗೇ ಬಟ್ಟೆ ಹಾಕಿಕೊಂಡು ಬರುತ್ತಿದ್ದಳು.

ಬಾಡಿಗೆ ಮನೆ ನೋಡಲು ಬರುವವರು ಮಾಲೀಕನ ಮಾತು ನಂಬುವುದಿಲ್ಲ. ಎದುರುಗಡೆಯವರನ್ನು ಕೇಳುತ್ತಾರೆ. ಎದುರುಗಡೆ ಮಲ್ಲಿಗಮ್ಮ ಇದ್ದಳು. ಮೊದಲು ಕೇಳಿದವರು ಅರಕಲಗೂಡಿನಿಂದ ವರ್ಗವಾಗಿ ಬಂದಿದ್ದ ಗಂಡ ಹೆಂಡತಿ. ಮಲ್ಲಿಗಮ್ಮ ಮನೆಯನ್ನು ಬಾಯಿ ತುಂಬ ಹೊಗಳಿದಳು. ನೀರಿಗೆ ತೊಂದರೆಯಿಲ್ಲ, ಗೋಡೆ ಸೋರುವುದಿಲ್ಲ, ಅಡುಗೆಮನೆಗೆ ಎಳೆಬಿಸಿಲು ಬರುತ್ತದೆ ಎಂದಳು. ಅಷ್ಟೆಲ್ಲ ಹೇಗೆ ಗೊತ್ತು ಎಂದು ಆ ಹೆಂಗಸು ಕೇಳಿತು. ಎಂಟು ತಿಂಗಳು ನಾವೇ ಇದ್ದೆವಲ್ಲ ಎಂದಳು.

"ನೀವು ಯಾವ ಜನ?"

"ನಾವು ಎಸ್ಸಿನೋರು ಕಣವ್ವ."

"ಅಡುಗೆ ಎಲ್ಲ ಒಳಗೇ ಮಾಡ್ತಿದ್ರಾ?"

"ಇನ್ನೆಲ್ ಮಾಡಾದು? ಬಾನ್ವಾರ ಬಾಡೂ ಅಲ್ಲೇಯ."

ಹೆಂಗಸು ಗಂಡನ ಮುಖ ನೋಡಿತು. ಸ್ಕೂಟರು ಬೀದಿಯ ತಿರುವು ದಾಟಿದ ಮೇಲೆ ಮಲ್ಲಿಗಮ್ಮನಿಗೆ ಅರ್ಥವಾಯಿತು. ಅವಳ ಕೈಯ ಪೈಪಿನ ನೀರು ಒಂದೇ ಕಡೆ ಹರಿಯಿತು.

ಎರಡನೆಯ ಸಂಸಾರ ಬಂದಾಗ ಅವರು ಕೇಳುವವರೆಗೂ ಮಲ್ಲಿಗಮ್ಮ ಕಾಯಲಿಲ್ಲ. ಗಾರೆಯ ಬಾಣಲಿ ಕೆಳಗಿಟ್ಟು, ಕೈ ಒರೆಸಿಕೊಂಡು, ತಾನೇ ರಸ್ತೆ ದಾಟಿ ಹೋದಳು. ಒಂದು ತಿಂಗಳಲ್ಲಿ ಹನ್ನೊಂದು ಸಂಸಾರಗಳು ಬಂದವು. ಯಾರಿಗೂ ಸುಳ್ಳು ಹೇಳಲಿಲ್ಲ. ಮನೆಯ ಬಗ್ಗೆ ಕೆಟ್ಟ ಮಾತಾಡಲಿಲ್ಲ. ಕನ್ನಡ ಬಾರದ ಹಿಂದಿಯವರೊಬ್ಬರೂ ಬಂದಿದ್ದರು. ಎಸ್ಸಿ ಎಂಬ ಆ ಎರಡಕ್ಷರಕ್ಕೆ ಭಾಷೆ ಬೇಕಾಗಲಿಲ್ಲ. ಇಬ್ಬರು ಮಾತ್ರ, ಅದಕ್ಕೇನಂತೆ ಎಂದರು. ಆದರೆ ಅವರು ಯಾವ ಜನ ಎಂದು ಶಂಕರಪ್ಪ ಕೇಳಿದ ಮೇಲೆ ಅವರಿಗೂ ಮನೆ ಸಿಗಲಿಲ್ಲ.

ಊರಿನಲ್ಲೆಲ್ಲ ಬಾಡಿಗೆ ಏರುತ್ತಿದ್ದಾಗ ಆ ಬೋರ್ಡಿನಲ್ಲಿ ಹನ್ನೊಂದು ಹತ್ತಾಯಿತು, ಹತ್ತು ಒಂಬತ್ತಾಯಿತು. ಎಂಟೂವರೆಗೆ ಇಳಿದಾಗ ಮಹೇಶ್, ಈಗಾದರೂ ಇನ್ನೊಂದು ಸಲ ಕೇಳೋಣವೇ ಎಂದ. ಮಲ್ಲಿಗಮ್ಮ ಬಾಣಲಿ ಎತ್ತಿಕೊಂಡು ಹೋದಳು.

ಶಂಕರಪ್ಪನವರಿಗೆ ಸಂಗತಿ ತಿಳಿಸಿದವನು ಒಬ್ಬ ಬ್ರೋಕರು. ಅವರು ಅನಂತರಾಜಯ್ಯನವರಿಗೆ ಫೋನು ಮಾಡಿ, ಆ ಮುಂಡೇವನ್ನು ಓಡಿಸಿ ಎಂದರು. ತಾರಸಿಯ ಮೋಲ್ಡ್ ಹಾಕುವವರೆಗೆ ಆಗುವುದಿಲ್ಲ, ಆಳು ಸಿಗುತ್ತಿಲ್ಲ ಎಂಬ ಉತ್ತರ ಬಂತು. ಸಂಜೆ ಶಂಕರಪ್ಪನವರೇ ರಸ್ತೆ ದಾಟಿ ಬಂದರು. ಹಿಂದೆ ಗುರುಸಿದ್ದಮ್ಮನೂ ಬಂದರು.

"ಏನೇ ಬೋಳಿಮುಂಡೆ, ಜಾಗ ಕೊಟ್ಟೋರ್ ಮನೇಗೇ ಕಲ್ಲಾಕ್ತೀಯಾ? ಬಂದೋರ್ಗೆಲ್ಲ ಏನ್ ಬೊಗುಳ್ತಿದ್ದೀಯ?" ಎಂದರು ಶಂಕರಪ್ಪ.

ಮಹೇಶ್ ಎದ್ದು ಕೈಕಟ್ಟಿ ನಿಂತ. ಮಲ್ಲಿಗಮ್ಮ ಕೂತಲ್ಲಿಂದ ಏಳಲಿಲ್ಲ.

"ಇದ್ದುದ್ನೇ ಏಳ್ತೀನಿ ಸಾ. ಒಳ್ಳೆ ಮನೆ ಅಂತೀನಿ. ನಾವಿದ್ವಿ ಅಂತೀನಿ."

"ಹೋಮ ಮಾಡ್ಸಿ ಶುದ್ಧಿ ಮಾಡ್ಸಿದ್ದೀನಿ. ಅದ್ಯಾಕ್ ಹೇಳಲ್ಲ?"

"ಸುದ್ದ ಆಗಿದ್ರೆ ನೀವೇ ಬಂದ್ ಇರಿ ಸಾ ಅದ್ರಲ್ಲಿ. ನಿಮ್ಮನೆಯ ಬಾಡ್ಗೇಗ್ ಕೊಡಿ."

"ಥೂ," ಎಂದರು ಗುರುಸಿದ್ದಮ್ಮ. "ನೀವು ಬಿದ್ಕಂಡಿದ್ ನೆಲ್ದಲ್ಲಿ ನಾವಿರ್ಬೇಕಾ? ಮಡಿಯಲ್ಲಿರೋ ಜನ ಕಣೇ ನಾವು."

ಮಲ್ಲಿಗಮ್ಮ ಅವರನ್ನೇ ನೋಡಿದಳು. ಈ ಮಾತನ್ನು ಅವಳು ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

"ಇದೀರಲ್ಲ ಅವ್ವಾರೆ. ನಿಮ್ಮನೆ ಕಟ್ಟೋವಾಗ್ಲೂ ಕಾಯ್ತಿದ್ದೋರು ನಾವೇಯ. ನೀವು ವಾರಕ್ಕೊಂದ್ ದಿನ ಬಂದ್ ನೋಡ್ಕಂಡು ಓಯ್ತಿದ್ರಿ. ನನ್ ಮಗ್ಳು ಹುಟ್ಟಿದ್ದು ನಿಮ್ ದೇವ್ರ ಕ್ವಾಣೇಲಿ."

ಆಗ ಬಡಾವಣೆಯಲ್ಲಿ ನಾಲ್ಕೇ ಮನೆ. ಮಳೆ ಹಿಡಿದು ಮೂರು ದಿನವಾಗಿತ್ತು. ಮೋಲ್ಡ್ ಬಿದ್ದು ಬೇರೆ ಕಡೆಯೆಲ್ಲ ಅದನ್ನು ಹೊತ್ತ ಸೆಂಟ್ರಿಂಗ್ ಕಂಬಗಳು ನಿಂತಿದ್ದವು. ಮೂಲೆಯ ಆ ಚಿಕ್ಕ ಕೋಣೆಯಲ್ಲಿ ಮಾತ್ರ ತೆಗೆದಿದ್ದರು. ಆಂಬುಲೆನ್ಸು ಕೆಸರಿನಲ್ಲಿ ಹೂತು ದೊಡ್ಡ ರಸ್ತೆಯಲ್ಲೇ ನಿಂತುಬಿಟ್ಟಿತು. ಮಹೇಶನ ಅವ್ವ ಪಾಪಮ್ಮ ಹೊಸ ಬ್ಲೇಡಿನಲ್ಲಿ ಹೊಕ್ಕುಳಬಳ್ಳಿ ಕುಯ್ದಳು.

"ಮಗೀನ್ ಜೊತೆ ಬಿದ್ದ ಮಾಸ್ನೂ ಅಲ್ಲೇ ಮೂಲೇಲಿ ಊತಿದ್ವಿ," ಎಂದಳು ಮಲ್ಲಿಗಮ್ಮ. "ಇನ್ನೂ ನೆಲ ಆಕಿರ್ನಿಲ್ಲ. ಇವ್ರೇ ಆಮ್ಯಾಕೆ ಟೈಲ್ಸ್ ಆಕಿದ್ರು. ನೀವು ದಿನಾ ದೀಪ ಅಚ್ತೀರಲ್ಲ, ಅಲ್ಲೇಯ."

ಗುರುಸಿದ್ದಮ್ಮ ತಮ್ಮ ಪಾದ ನೋಡಿಕೊಂಡರು. ಪುಸ್ತಕ ಹಿಡಿದು ಶೆಡ್ಡಿನ ಬಾಗಿಲಲ್ಲಿ ಕೂತಿದ್ದ ಕವನಾ ತಲೆಯೆತ್ತಿ ರಸ್ತೆಯಾಚೆ ಶಂಕರಪ್ಪನವರ ಸ್ವಂತ ಮನೆಯನ್ನು ನೋಡಿದಳು. ನೀನು ಹಾಸನದಲ್ಲಿ ಹುಟ್ಟಿದೆ ಎಂದಷ್ಟೇ ಅವಳಿಗೆ ಹೇಳಿದ್ದರು.

ಅಯ್ನೋರು ಮತ್ತೆ ಬಂದರು. ಈ ಸಲ ಹೋಮ ಸಾಲದು, ದೇವರ ಕೋಣೆಯ ನೆಲ ಕಿತ್ತು ಆಳುದ್ದ ಮಣ್ಣು ತೆಗೆಸಿ ಹೊಸ ಮಣ್ಣು ತುಂಬಿಸಬೇಕು ಎಂದರು. ಬೇರೆ ಆಳು ಕರೆಸಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದವರು ಬೀದಿಗೆಲ್ಲ ಹೇಳುತ್ತಾರೆ. ಶಂಕರಪ್ಪ ಕಾಂಪೌಂಡಿನ ಪಕ್ಕ ನಿಂತು ಮಹೇಶನನ್ನು ಮೆಲ್ಲಗೆ ಕರೆದರು. ಎರಡು ದಿನದ ಕೆಲಸ, ಎರಡರಷ್ಟು ಕೂಲಿ ಎಂದರು. ಮಹೇಶನ ಕೈ ಅಭ್ಯಾಸದ ಮೇಲೆ ಸಾಮಾನಿನ ಚೀಲಕ್ಕೆ ಹೋಗಿತ್ತು. ಅವನು ಒಂದು ಸಲ ಮಗಳ ಕಡೆ ನೋಡಿದ. ಚೀಲ ಕೆಳಗಿಟ್ಟ.

"ಆಗಕಿಲ್ಲ ಸಾ," ಎಂದ.

ಬೆಳಿಗ್ಗೆ ದೇವರ ಪಟಗಳನ್ನು ಕಾರಿನ ಹಿಂದಿನ ಸೀಟಿಗೆ ಸಾಗಿಸಿದರು. ಆಮೇಲೆ ಒಳಗಿನಿಂದ ಸುತ್ತಿಗೆಯ ಸದ್ದು ಕೇಳತೊಡಗಿತು. ನಾಲ್ಕು ಏಟು, ನಿಲುಗಡೆ, ಮತ್ತೆ ಎರಡು ಏಟು. ಹನ್ನೊಂದು ಗಂಟೆಗೆ ಶಂಕರಪ್ಪ ಬನಿಯನ್ನಿನಲ್ಲಿ ಹೊರಗೆ ಬಂದು, ಒಂದು ಬುಟ್ಟಿ ಚೂರು ಸುರಿದು, ಅಂಗೈ ಊದಿಕೊಂಡು ಒಳಗೆ ಹೋದರು.

ಮಹೇಶ್ ಕಿವಿಗೊಟ್ಟು ಕೇಳುತ್ತಿದ್ದ.

"ಉಳೀನ ಓರೆ ಇಡ್ಕಂಡವ್ರೆ," ಎಂದ. "ಅಂಗ್ ಒಡುದ್ರೆ ಕೈ ಜಜ್ಕತಾರೆ."

ಮಲ್ಲಿಗಮ್ಮ ಹೊಸ ಕಾಂಕ್ರೀಟು ಕಂಬಕ್ಕೆ ಸುತ್ತಿದ್ದ ಗೋಣಿಗೆ ನೀರು ಹಾಕುತ್ತಿದ್ದಳು.

"ಕಲೀಲಿ ಬುಡು," ಎಂದಳು.